ಹಡಗುಗಳು ಬಿಟ್ಟುಹೋದ ಊರು: ಹೋಯ್ ಆನ್

ವಿಯೆಟ್ನಾಂ ದೇಶದ ನಡುಭಾಗದಲ್ಲಿ, ಥು ಬೋನ್ ನದಿ ಕಡಲು ಸೇರುವ ಕಡೆ ಇರುವ ಪುಟ್ಟ ಊರು ಹೋಯ್ ಆನ್. 16 ಮತ್ತು 17ನೇ ಶತಮಾನಗಳಲ್ಲಿ ಇದು ಆಗ್ನೇಯ ಏಷ್ಯಾದ ಹೆಸರಾಂತ ಬಂದರಾಗಿತ್ತು. ಯುರೋಪಿನ ವರ್ತಕರ ನಕ್ಷೆಗಳಲ್ಲಿ ಇದರ ಹೆಸರು ಫೈಫೋ. ರೇಷ್ಮೆ, ಪಿಂಗಾಣಿ, ಮೆಣಸು, ದಾಲ್ಚಿನ್ನಿ, ಸುಗಂಧದ ಅಗರು ಮರ ಇಲ್ಲಿ ಕೈ ಬದಲಾಗುತ್ತಿದ್ದವು. ಚೀನಾ, ಜಪಾನಿನ ಹಡಗುಗಳು ಈಶಾನ್ಯ ಮಾರುತದ ಜೊತೆ ಬಂದು, ಮರಳಿ ಹೋಗಲು ನೈರುತ್ಯ ಮಾರುತಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಕಾಯುವವರಿಗೆ ಮನೆ ಬೇಕು, ಉಗ್ರಾಣ ಬೇಕು, ಪೂಜೆಗೊಂದು ಗುಡಿಯೂ ಬೇಕು. ಊರಿನ ಚೀನೀ, ಜಪಾನೀ ಕೇರಿಗಳು ಬೆಳೆದದ್ದು ಹಾಗೆ.

ಅದಕ್ಕೂ ಮುಂಚೆ ಈ ನದೀಮುಖ ಚಂಪಾ ರಾಜ್ಯದ್ದು. ಆ ರಾಜ್ಯದ ಅರಸರು ಕಟ್ಟಿಸಿದ ಮಿ ಸೋನ್ ಶಿವಾಲಯಗಳ ಸಮೂಹ ಹೋಯ್ ಆನ್‌ನಿಂದ ಪಶ್ಚಿಮಕ್ಕೆ, ಬೆಟ್ಟಗಳ ನಡುವೆ ಇದೆ. ಅಲ್ಲಿನ ಇಟ್ಟಿಗೆ ಗುಡಿಗಳ ಜೊತೆ ಸಂಸ್ಕೃತ ಶಾಸನಗಳೂ ಸಿಕ್ಕಿವೆ. ಅಮೆರಿಕದ ಬಾಂಬುಗಳಿಂದ ಜಖಂಗೊಂಡಿದ್ದ ಈ ತಾಣದ ಕೆಲವು ಗುಡಿಗಳನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ದುರಸ್ತಿ ಮಾಡಿದೆ. 2020ರಲ್ಲಿ ಆ ಕೆಲಸ ನಡೆಯುತ್ತಿದ್ದಾಗಲೇ 9ನೇ ಶತಮಾನದ ಏಕಶಿಲಾ ಶಿವಲಿಂಗವೊಂದು ಬೆಳಕಿಗೆ ಬಂತು.

ಬಂದರಿನ ಭಾಗ್ಯ ಬಹುಕಾಲ ಉಳಿಯಲಿಲ್ಲ. 1630ರ ದಶಕದಲ್ಲಿ ಜಪಾನ್ ತನ್ನ ಪ್ರಜೆಗಳ ಸಮುದ್ರಯಾನಕ್ಕೆ ತಡೆ ಹಾಕಿತು. ಚೀನಾದಲ್ಲಿ ಮಿಂಗ್ ವಂಶ ಉರುಳಿದ ಮೇಲೆ ಅಲ್ಲಿಂದ ಬಂದವರು ಕೆಲಕಾಲ ವ್ಯಾಪಾರವನ್ನು ಎತ್ತಿ ನಿಲ್ಲಿಸಿದರಾದರೂ, 18ನೇ ಶತಮಾನದ ಕೊನೆಯ ಅಂತರ್ಯುದ್ಧ ಊರನ್ನು ಹಣ್ಣುಮಾಡಿತು. ಇತ್ತ ನದಿಯಲ್ಲಿ ಹೂಳು ತುಂಬುತ್ತಾ ಬಂದು ದೊಡ್ಡ ಹಡಗುಗಳು ಒಳಗೆ ಬರಲಾಗದಂತಾಯಿತು. 19ನೇ ಶತಮಾನದ ಕೊನೆಗೆ ಫ್ರೆಂಚರು ಉತ್ತರದ ದಾ ನಾಂಗ್ ಬಂದರನ್ನು ಹಿಡಿದುಕೊಂಡರು. ವ್ಯಾಪಾರ, ರಸ್ತೆ, ಕಾರ್ಖಾನೆ ಎಲ್ಲವೂ ಅತ್ತ ಸರಿದವು. ಹೋಯ್ ಆನ್‌ನಲ್ಲಿ ಹಳೆಯದನ್ನು ಕೆಡವಿ ಹೊಸದು ಕಟ್ಟುವಷ್ಟು ದುಡ್ಡು ಯಾರ ಕೈಯಲ್ಲೂ ಇರಲಿಲ್ಲ. ಊರು ಉಳಿದದ್ದು ಮುಖ್ಯವಾಗಿ ಈ ಬಡತನದಿಂದ. ಮುಂದೆ ಅಮೆರಿಕದೊಡನೆ ನಡೆದ ಯುದ್ಧವೂ ಹಳೆ ಪೇಟೆಯನ್ನು ಹೆಚ್ಚು ಮುಟ್ಟಲಿಲ್ಲ. 1980ರ ದಶಕದಲ್ಲಿ ಪೋಲೆಂಡಿನ ವಾಸ್ತುಶಿಲ್ಪಿ ಕಾಜಿಮಿಯೆಶ್ ಕ್ವಿಯಾತ್‌ಕೋವ್‌ಸ್ಕಿ ಇಲ್ಲಿನ ಕಟ್ಟಡಗಳ ಬೆಲೆಯನ್ನು ಹೊರಜಗತ್ತಿಗೆ ತಿಳಿಸಲು ಶ್ರಮಿಸಿದರು. 1999ರಲ್ಲಿ ಯುನೆಸ್ಕೋ ಹೋಯ್ ಆನ್ ಮತ್ತು ಮಿ ಸೋನ್ ಎರಡನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಳೆ ಪೇಟೆಯ ಮನೆಗಳು ಬೀದಿಗೆ ಸಣ್ಣ ಮುಖ ತೋರಿಸಿ ಒಳಗೆ ಉದ್ದಕ್ಕೆ ಸಾಗುತ್ತವೆ. ಮುಂದೆ ಅಂಗಡಿ, ನಡುವೆ ನಮ್ಮ ತೊಟ್ಟಿ ಮನೆಯಂತೆ ಆಕಾಶಕ್ಕೆ ತೆರೆದ ಅಂಗಳ, ಹಿಂದೆ ವಾಸ ಮತ್ತು ಅಡುಗೆ. ನದಿಯಂಚಿನ ಮನೆಗಳ ಹಿಂಬಾಗಿಲು ನೇರ ದೋಣಿಕಟ್ಟೆಗೆ. ಮರದ ಕಂಬ ತೊಲೆಗಳಲ್ಲಿ ಚೀನೀ, ಜಪಾನೀ, ವಿಯೆಟ್ನಾಮೀ ಮೂರೂ ರೀತಿಯ ಕೆಲಸ ಬೆರೆತಿದೆ. ಚಾವಣಿಯ ಹೆಂಚುಗಳನ್ನು ಒಂದು ಅಂಗಾತ, ಒಂದು ಬೋರಲಾಗಿ ಹೊದಿಸಿರುತ್ತಾರೆ. ಬಾಗಿಲ ಮೇಲೆ ಮರದ ಎರಡು ಕಣ್ಣುಗಳು ಮನೆ ಕಾಯುತ್ತವೆ. ನೋಡಲೇಬೇಕಾದದ್ದು 18ನೇ ಶತಮಾನದ ಟಾನ್ ಕಿ ಮನೆ. ಅದರ ಗೋಡೆಯ ಮೇಲೆ ಒಂದೊಂದು ವರ್ಷದ ನೆರೆ ಎಷ್ಟು ಎತ್ತರಕ್ಕೆ ಏರಿತ್ತೆಂದು ಗುರುತು ಹಾಕಿದ್ದಾರೆ. ಸಾಮಾನುಗಳನ್ನು ಅಟ್ಟಕ್ಕೆ ಏರಿಸಲು ಮೇಲೆ ಕಿಂಡಿಯಿದೆ. ಚೀನಾದ ಬೇರೆಬೇರೆ ಪ್ರಾಂತ್ಯದವರು ತಮ್ಮ ತಮ್ಮ ಸಭಾಭವನ ಕಟ್ಟಿಕೊಂಡಿದ್ದಾರೆ. ಫುಜಿಯಾನ್ ಭವನದಲ್ಲಿ ಪೂಜೆ ಸಲ್ಲುವುದು ನಾವಿಕರನ್ನು ಕಾಯುವ ಕಡಲದೇವಿ ಥಿಯೆನ್ ಹೌಗೆ.

ಊರಿನ ಗುರುತಾಗಿ ನಿಂತಿರುವುದು ಜಪಾನೀ ಸೇತುವೆ. ಸುಮಾರು 400 ವರ್ಷ ಹಳೆಯ, ಹೆಂಚಿನ ಮಾಡಿನ ಈ ಸೇತುವೆಗೆ ಗುಡಿಯೊಂದು ಅಂಟಿಕೊಂಡಿದೆ. ಒಂದು ತುದಿಯಲ್ಲಿ ನಾಯಿಗಳ, ಇನ್ನೊಂದರಲ್ಲಿ ಕೋತಿಗಳ ವಿಗ್ರಹ. ವಿಯೆಟ್ನಾಂನ 20,000 ಡಾಂಗ್ ನೋಟಿನ ಮೇಲೂ ಇದರ ಚಿತ್ರವಿದೆ. ದುರಸ್ತಿ ಮುಗಿಸಿ 2024ರಲ್ಲಿ ಮತ್ತೆ ತೆರೆದಾಗ, ಬಣ್ಣ ತೀರಾ ಹೊಸದಾಗಿ ಕಾಣುತ್ತದೆಂದು ದೇಶದ ತುಂಬ ಜಗಳವಾಯಿತು.

ಊಟದ ವಿಷಯಕ್ಕೆ ಬಂದರೆ ಇಲ್ಲಿನ ಹೆಮ್ಮೆ ಕಾವ್ ಲಾವ್. ಅಕ್ಕಿಯನ್ನು ಬೂದಿಯ ತಿಳಿನೀರಿನಲ್ಲಿ ನೆನೆಸಿ ಮಾಡಿದ ಶ್ಯಾವಿಗೆ ದಪ್ಪಗೆ, ತುಸು ಹಳದಿಯಾಗಿ, ಹಲ್ಲಿಗೆ ಗಟ್ಟಿಯಾಗಿ ಸಿಗುತ್ತದೆ. ಮೇಲೆ ಹಂದಿಮಾಂಸದ ಹೋಳು, ಕರಿದ ಗರಿಗರಿ ತುಣುಕು, ಹಸಿ ಸೊಪ್ಪು. ಸಾರು ತಳದಲ್ಲಿ ಒಂದಿಷ್ಟೇ. ಬಾ ಲೆ ಎಂಬ ಹಳೆ ಬಾವಿಯ ನೀರಿನಿಂದ ಮಾಡಿದರಷ್ಟೇ ಅಸಲಿ ಎಂಬ ಮಾತಿದೆ. ಊರಿನ ಅಷ್ಟೂ ಹೋಟೆಲುಗಳಿಗೆ ಆ ಒಂದು ಬಾವಿ ಸಾಲುತ್ತದೆಂದು ನಂಬುವುದು ಕಷ್ಟ. ಸಿಗಡಿಯ ಹೂರಣ ತುಂಬಿ ಹಬೆಯಲ್ಲಿ ಬೇಯಿಸುವ, ಹೂವಿನ ಎಸಳಿನಂಥ ಕಡುಬಿಗೆ ಪ್ರವಾಸಿಗರು ‘ವೈಟ್ ರೋಸ್’ ಎನ್ನುತ್ತಾರೆ. ಅರಿಸಿನ ಹಾಕಿದ ಕೋಳಿ ಅನ್ನವೂ, ಫ್ರೆಂಚರ ಬ್ರೆಡ್ಡು ಸ್ಥಳೀಯ ಮಸಾಲೆಗೆ ಒಗ್ಗಿ ಹುಟ್ಟಿದ ಬಾನ್ ಮಿಯೂ ಬೀದಿಬೀದಿಯಲ್ಲಿ ಸಿಗುತ್ತವೆ. ಸೊಪ್ಪು ಬರುವುದು ಪಕ್ಕದ ಟ್ರಾ ಕ್ವೆ ಹಳ್ಳಿಯಿಂದ. ಅಲ್ಲಿ ನೀರಿನ ಪಾಚಿಯೇ ಗೊಬ್ಬರ. ಸಸ್ಯಾಹಾರಿಗಳು ಒಂದು ಎಚ್ಚರ ವಹಿಸಬೇಕು: ಸೊಪ್ಪಿನ ಪಲ್ಯಕ್ಕೂ ಮೀನಿನ ರಸ ಬೀಳುವುದುಂಟು. ಬೌದ್ಧರ ಸಸ್ಯಾಹಾರಕ್ಕೆ ‘ಚಾಯ್’ ಎನ್ನುತ್ತಾರೆ, ಆ ಫಲಕವಿರುವ ಹೋಟೆಲಿನಲ್ಲಿ ಆ ಭಯವಿಲ್ಲ.

ಚಾಂದ್ರಮಾನದ ಪ್ರತಿ ತಿಂಗಳ 14ನೇ ರಾತ್ರಿ ಹಳೆ ಪೇಟೆಯಲ್ಲಿ ವಿದ್ಯುತ್ ದೀಪಗಳನ್ನು ತಗ್ಗಿಸಿ ಬಟ್ಟೆಯ ಬಣ್ಣದ ಗೂಡುದೀಪಗಳನ್ನು ಹಚ್ಚುತ್ತಾರೆ. ಪ್ರವಾಸಿಗರು ಹೆಚ್ಚಿದಂತೆ ಉಗ್ರಾಣಗಳು ಹೊಲಿಗೆ ಅಂಗಡಿಗಳಾಗಿವೆ, ಸಂಜೆಯ ಬೀದಿ ಜಾತ್ರೆಯಾಗಿದೆ. ಸದ್ದಿಲ್ಲದ ಊರು ನೋಡಬೇಕೆಂದರೆ ಬೆಳಗಿನ ಜಾವವೇ ಸರಿ. ಹೋಯ್ ಆನ್‌ಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ಸುಮಾರು 30 ಕಿ.ಮೀ. ದೂರದ ದಾ ನಾಂಗ್‌ನಲ್ಲಿ ಇಳಿದು ರಸ್ತೆಯಲ್ಲಿ ಬರಬೇಕು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹವೆ ಹಿತ. ಅಕ್ಟೋಬರ್, ನವೆಂಬರ್‌ನಲ್ಲಿ ಥು ಬೋನ್ ಉಕ್ಕುತ್ತದೆ, ಆಗ ಪೇಟೆಬೀದಿಯಲ್ಲಿ ದೋಣಿ ಓಡಾಡುವುದು ಇಲ್ಲಿನವರಿಗೆ ಹೊಸತೇನಲ್ಲ.