ಒಣಗದ ಹನಿಯಲ್ಲಿ ಸಣ್ಣ ಅಣುಗಳ ತೂಕ

"ಸರ್, ಮೊದಲು ಎರಡೂ ಚುಕ್ಕೆ ನೋಡಿಬಿಡಿ, ಆಮೇಲೆ ಮಾತಾಡೋಣ" ಎಂದು ಸಂಶೋಧನಾ ವಿದ್ಯಾರ್ಥಿನಿ ಸ್ಟೀಲ್ ತಟ್ಟೆಯನ್ನು ಅಣುಗಳನ್ನು ತೂಗುವ ಯಂತ್ರದೊಳಕ್ಕೆ ತಳ್ಳಿದರು. ಬೆಂಗಳೂರಿನ ಆ ಪ್ರಯೋಗಾಲಯಕ್ಕೆ ನಾನು ಹೋಗಿದ್ದು ಬೇರಾವುದೋ ವಿಷಯ ಕೇಳಲು. ಈ ಚುಕ್ಕೆಗಳ ಮುಂದೆ ಅದು ಮರೆತೇಹೋಯಿತು.

ಎರಡು ಚುಕ್ಕೆಗಳಲ್ಲೂ ಒಂದೇ ಅಳತೆಯ ಅರ್ಜಿನೀನ್ ಎಂಬ ಅಮೈನೊ ಆಮ್ಲವಿತ್ತು. ಪರದೆಯ ಮೇಲೆ ಎಡಗಡೆಯದು ಹರಳುಗಟ್ಟಿ ಒಣಗಿತ್ತು. ಅಂಚಿನಲ್ಲಿ ದಟ್ಟ, ನಡುವೆ ಅಲ್ಲಲ್ಲಿ ಬರೀ ಸ್ಟೀಲ್. ಬಲಗಡೆಯದು ನಿರ್ವಾತದಲ್ಲಿದ್ದರೂ ನುಣ್ಣನೆಯ ಹನಿಯಾಗಿಯೇ ಕೂತಿತ್ತು. ಎಡಗಡೆಗೆ ಲೇಸರ್ ಹೊಡೆದಾಗ 175ರ ಗೆರೆ, ಅಂದರೆ ಪ್ರೋಟಾನ್ ಹೊತ್ತ ಅರ್ಜಿನೀನ್, ನೆಟ್ಟಗೆ ಎದ್ದಿತು. ಗುರಿಯನ್ನು ಕೂದಲೆಳೆಯಷ್ಟು ಸರಿಸಿದರು, ಗೆರೆ ನೆಲಕಚ್ಚಿತು. ಅಣು ಎಲ್ಲಿ ಕೂಡಿಕೊಂಡಿದೆಯೋ ಆ 'ಸ್ವೀಟ್ ಸ್ಪಾಟ್' ಹುಡುಕುವುದೇ ಇವರ ನಿತ್ಯದ ಗೋಳು. ಕೇಸರಿಬಾತಿನಲ್ಲಿ ಒಂದು ಚಮಚಕ್ಕೆ ನಾಲ್ಕು ಗೋಡಂಬಿ ಸಿಕ್ಕು, ಇನ್ನೊಂದಕ್ಕೆ ಒಂದೂ ಸಿಗದಿದ್ದರೆ, ಪಾತ್ರೆಯಲ್ಲಿ ಒಟ್ಟು ಎಷ್ಟಿವೆ ಎಂದು ಹೇಳುವುದು ಹೇಗೆ? ಹನಿಯ ಮೇಲೆ ಮಾತ್ರ ಎಲ್ಲಿ ಹೊಡೆದರೂ ಗೆರೆ ಹೆಚ್ಚುಕಡಿಮೆ ಅದೇ ಎತ್ತರ.

ಮಾಲ್ಡಿ ಎಂಬ ಈ ವಿಧಾನದಲ್ಲಿ, ಬೆಳಕು ಹೀರುವ ಮ್ಯಾಟ್ರಿಕ್ಸ್ ಎಂಬ ವಸ್ತುವಿನ ಜೊತೆಗೆ ಮಾದರಿಯನ್ನು ಬೆರೆಸಿ ಲೇಸರ್ ಹೊಡೆಯುತ್ತಾರೆ. ಮಾದರಿಯ ಅಣುಗಳು ಅಯಾನುಗಳಾಗಿ ಹಾರುತ್ತವೆ, ಯಂತ್ರ ಅವನ್ನು ತೂಗುತ್ತದೆ. ಇದರ ಹುಟ್ಟಿನ ಕಥೆ ನನಗಂತೂ ಬಲು ಇಷ್ಟ. 1985ರಲ್ಲಿ ಜರ್ಮನಿಯ ಮಿಖಾಯೆಲ್ ಕರಾಸ್ ಮತ್ತು ಫ್ರಾಂಟ್ಸ್ ಹಿಲೆನ್‌ಕಾಂಪ್ ಅವರು, ಅಲನೀನ್ ಅನ್ನು ಟ್ರಿಪ್ಟೊಫಾನ್ ಜೊತೆ ಬೆರೆಸಿದರೆ ಅದು ಸಲೀಸಾಗಿ ಅಯಾನಾಗುತ್ತದೆ ಎಂದು ಕಂಡುಕೊಂಡರು. ಎರಡೂ ಸಣ್ಣ ಅಣುಗಳೇ! ಅದೇ ವರ್ಷ ಕ್ಯೋಟೊದ ಶಿಮಾಡ್ಜು ಕಂಪನಿಯಲ್ಲಿ ಕೊಯಿಚಿ ತನಾಕಾ ಎಂಬ 25ರ ಹರೆಯದ ಎಂಜಿನಿಯರ್, ಕೋಬಾಲ್ಟ್ ಪುಡಿಗೆ ಅಸಿಟೋನ್ ಬದಲು ಕೈತಪ್ಪಿ ಗ್ಲಿಸರಿನ್ ಹಾಕಿಬಿಟ್ಟರು. ದುಬಾರಿ ಪುಡಿ, ಚೆಲ್ಲಲು ಮನಸ್ಸಾಗಲಿಲ್ಲ. ಗ್ಲಿಸರಿನ್ ಬೇಗ ಆರಲಿ ಎಂದು ಲೇಸರ್ ಹೊಡೆಯುತ್ತಲೇ ಕಣ್ಣಿಟ್ಟು ಕೂತರು. ಮಾದರಿಯಾಗಿದ್ದ ವಿಟಮಿನ್ ಬಿ12 ಇಡಿಯಾಗಿ ಹಾರಿಬಂತು! 2002ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ತನಾಕಾಗೆ ಪಾಲು ಸಿಕ್ಕಿತು. ಜರ್ಮನ್ ಜೋಡಿಗೆ ಸಿಗಲಿಲ್ಲ. ಆದರೆ ಗ್ಲಿಸರಿನ್ ನಿರ್ವಾತದಲ್ಲಿ ಆವಿಯಾಗುತ್ತದೆ, ಬೆಳಕು ಹೀರಲು ಕೋಬಾಲ್ಟ್ ಬೇಕೇ ಬೇಕು. ಹೀಗಾಗಿ ಬಹುಮಾನ ಹನಿಗೆ, ಬಳಕೆ ಹರಳಿಗೆ ಎಂಬಂತಾಯಿತು. ಜರ್ಮನ್ ಜೋಡಿಯ ಹಾದಿ ಹಿಡಿದ ಹರಳಿನ ಮ್ಯಾಟ್ರಿಕ್ಸ್‌ಗಳು ದೊಡ್ಡ ಪ್ರೋಟೀನುಗಳನ್ನು ತೂಗಿ ಹೆಸರು ಮಾಡಿದವು, ಸಣ್ಣ ಅಣುಗಳು ಹಿಂದೆ ಬಿದ್ದವು.

ಅವು ಹಿಂದೆ ಬೀಳಲು ಹರಳೊಂದೇ ಕಾರಣವಲ್ಲ. ಮ್ಯಾಟ್ರಿಕ್ಸ್ ಕೂಡ ಸಣ್ಣ ಅಣುವೇ. ವಾಡಿಕೆಯ ಸಿಎಚ್‌ಸಿಎ ಆಮ್ಲ 172 ಮತ್ತು 190ರಲ್ಲಿ ತನ್ನ ಗೆರೆ ಎಳೆಯುತ್ತದೆ. ನಮ್ಮ 175 ಅವುಗಳ ನಡುವೆ ಸಿಕ್ಕಿಕೊಳ್ಳುತ್ತದೆ.

ದಾರಿ ತೋರಿಸಿದ್ದು ಅಯಾನಿಕ್ ದ್ರವ, ಅಂದರೆ 100 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೇ ಕರಗುವ ಲವಣ. ಪಾಲ್ ವಾಲ್ಡೆನ್ 1914ರಲ್ಲೇ ವರ್ಣಿಸಿದ್ದ ಇಥೈಲ್ ಅಮೋನಿಯಂ ನೈಟ್ರೇಟ್ 12 ಡಿಗ್ರಿಗೇ ಕರಗುತ್ತದೆ. 2001ರಲ್ಲಿ ಅಮೆರಿಕದ ಡೇನಿಯಲ್ ಆರ್ಮ್‌ಸ್ಟ್ರಾಂಗ್, ಮೈಕೆಲ್ ಗ್ರಾಸ್ ಮತ್ತು ಸಂಗಡಿಗರು ಇಂಥ ದ್ರವಗಳನ್ನು ಮ್ಯಾಟ್ರಿಕ್ಸ್ ಆಗಿ ಪರೀಕ್ಷಿಸಿದರು. ಫಲ ಕೊಟ್ಟವು, ಹಳೆಯ ಮ್ಯಾಟ್ರಿಕ್ಸ್ ಆಮ್ಲಕ್ಕೇ ಅಮೀನ್ ಬೆರೆಸಿ ಮಾಡಿದ ಲವಣಗಳು. 2004ರ ಹೊತ್ತಿಗೆ ಜರ್ಮನಿಯ ಜಾರ್‌ಬ್ರುಕೆನ್‌ನ ತಂಡ ಅಮೈನೊ ಆಮ್ಲ, ಸಕ್ಕರೆ, ವಿಟಮಿನ್‌ಗಳನ್ನು ಹೀಗೆ ಅಳೆದು ತೋರಿಸಿತು.

ತಯಾರಿ ಮುಗಿಯಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಹಳದಿ ಸಿಎಚ್‌ಸಿಎ ಪುಡಿಯನ್ನು ಮೆಥನಾಲ್‌ನಲ್ಲಿ ಕಲಕಿ, ಅಷ್ಟೇ ಮೋಲ್ ಟ್ರೈಬ್ಯುಟೈಲ್ ಅಮೀನ್ ಹಾಕಿ, ಸಾನಿಕೇಟರ್‌ನಲ್ಲಿಟ್ಟು, ಮೆಥನಾಲ್ ಆರಿಸುವುದು. ಆಮ್ಲ ತನ್ನ ಪ್ರೋಟಾನನ್ನು ಅಮೀನ್‌ಗೆ ಕೊಡುತ್ತದೆ. ಧನ, ಋಣ ಅಯಾನುಗಳ ಸೆಳೆತದಿಂದ ದ್ರವ ಆವಿಯಾಗದೆ ಉಳಿಯುತ್ತದೆ. "ಮ್ಯಾಟ್ರಿಕ್ಸ್ ಗಲಾಟೆ ಪೂರ್ತಿ ನಿಲ್ಲುತ್ತಾ?" ಎಂದು ಕೇಳಿದೆ. "ಕಮ್ಮಿಯಾಗುತ್ತೆ ಸರ್. ಆದ್ರೆ ಅಮೀನ್ 186ರಲ್ಲಿ ತಾನೂ ಇಣುಕುತ್ತೆ. ನಮ್ಮ ಅಣು ಅಲ್ಲೇ ಇದ್ರೆ ಬೇರೆ ಅಮೀನ್ ನೋಡ್ಕೋಬೇಕು" ಎಂದು ನಕ್ಕರು.

ಅಯಾನಿಕ್ ದ್ರವಗಳಿಗೆ 'ಹಸಿರು' ಪಟ್ಟ ಕಟ್ಟುವ ಲೇಖನಗಳನ್ನು ನಾನು ನಂಬುವುದು ಕಷ್ಟ. ಆವಿಯಾಗದ ಮಾತ್ರಕ್ಕೆ ಯಾವ ರಾಸಾಯನಿಕವೂ ಸಾಧುವಾಗುವುದಿಲ್ಲ. ಮೇಲಾಗಿ, ಹನಿ ಸಮವಾಗಿದ್ದರೂ ಖಚಿತ ಲೆಕ್ಕಕ್ಕೆ ಹೋಲಿಕೆಯ ಮಾದರಿ ಬೇಕೇ ಬೇಕು. ಆದರೂ ಕಿಣ್ವದ ನೂರಾರು ಪ್ರಯೋಗಗಳನ್ನು ಒಂದೇ ತಟ್ಟೆಯ ಮೇಲೆ ಸಾಲಾಗಿ ಅಳೆಯಬೇಕಾದಾಗ, ಪ್ರತಿ ಚುಕ್ಕೆಯಲ್ಲೂ ಹರಳು ಹುಡುಕುತ್ತ ಕೂರುವ ಪಾಡು ತಪ್ಪಿದರೆ ಅದೇ ದೊಡ್ಡ ಲಾಭ. ಜರ್ಮನರ ಬೆಳಕು ಹೀರುವ ಮ್ಯಾಟ್ರಿಕ್ಸ್, ತನಾಕಾಗೆ ಒಲಿದ ದ್ರವರೂಪ, ಎರಡೂ ಇಲ್ಲಿ ಒಂದಾಗಿವೆ. ನೊಬೆಲ್ ಸಮಿತಿಗೆ ಆಗದ ರಾಜಿಯನ್ನು ಒಂದು ಅಮೀನ್ ಮಾಡಿಸಿದೆ.