ಜೇನುಪೆಟ್ಟಿಗೆಯ ಅಡಿಮಣೆ: ನಮ್ಮ ಹವೆಗೆ ಯಾವುದು ಸೂಕ್ತ?

ಜೇನುಪೆಟ್ಟಿಗೆ ಕೊಳ್ಳುವಾಗ ನಮ್ಮ ಸದಸ್ಯರು ಚೌಕಟ್ಟು ನೋಡುತ್ತಾರೆ, ಮುಚ್ಚಳ ನೋಡುತ್ತಾರೆ. ಅಡಿಮಣೆಯನ್ನು ತಿರುಗಿಸಿ ನೋಡುವವರು ಕಡಿಮೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಕುಟುಂಬ ಗೂಡು ಬಿಟ್ಟು ಹೋಗಲು ಈ ಹಲಗೆಯ ದುಃಸ್ಥಿತಿಯೂ ಒಂದು ಕಾರಣ. ಕುಟುಂಬ ಹೋದರೆ ನಷ್ಟ ಜೇನುತುಪ್ಪಕ್ಕೆ ಮಾತ್ರವಲ್ಲ. ರೊಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಹೂಮಳೆಯ ನಂತರ ಅರಳಿದ ಹೂವಿಗೆ ಬೇರೆ ಗಿಡದ ಪರಾಗ ಬೇಕು. ಗಾಳಿಯೊಂದಿಗೆ ಆ ಕೆಲಸ ಮಾಡುವುದು ಜೇನುನೊಣ.

ಹಲಗೆಯ ಬದಲು ತಂತಿಜಾಲರಿಯ ಅಡಿಮಣೆ ಹಾಕಿದರೆ ಸೆಕೆ, ತೇವ ಎರಡೂ ಕಡಿಮೆಯಾಗುವುದಲ್ಲವೇ ಎಂಬ ಪ್ರಶ್ನೆ ಆಗಾಗ ಬರುತ್ತದೆ. ಅದಕ್ಕೆ ಉತ್ತರ ಕೊಡುವ ಪ್ರಯತ್ನ ಈ ಲೇಖನ.

ಜಾಲರಿ ಯಾರಿಗಾಗಿ?

ಜಾಲರಿ ಬಳಕೆಗೆ ಬಂದದ್ದು ಮುಖ್ಯವಾಗಿ ವರೋವಾ ನುಸಿಯ ಕಾಟಕ್ಕಾಗಿ. ಈ ನುಸಿ 1987ರಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡಿತು. ಅಲ್ಲಿ ಸಾಕುವ ಯುರೋಪಿನ ಜೇನಿಗೆ ಅದು ಮಾರಕ. ನೊಣದ ಮೈಯಿಂದ ಉದುರಿದ ನುಸಿ ಜಾಲರಿಯ ಕಣ್ಣಿನಿಂದ ಕೆಳಗೆ ಬೀಳಲಿ, ಮತ್ತೆ ಮೇಲೇರದಿರಲಿ ಎಂಬುದು ಉದ್ದೇಶ. ನಮ್ಮ ತುಡುವೆ ಜೇನಾದರೋ ಈ ನುಸಿಯ ಮೂಲ ಆಶ್ರಯದಾತ. ಅದು ಮೈ ಕೆರೆದು ನುಸಿ ಕೊಡವಿಕೊಳ್ಳುತ್ತದೆ. ನುಸಿಯೂ ಹೆಚ್ಚಾಗಿ ಗಂಡುಮರಿಗಳ ಕೋಶದಲ್ಲಷ್ಟೇ ವೃದ್ಧಿಯಾಗುತ್ತದೆ. ಆದ್ದರಿಂದ ನುಸಿಯ ಸಲುವಾಗಿ ತುಡುವೆಗೆ ಜಾಲರಿ ಬೇಕಿಲ್ಲ.

ತುಡುವೆಯ ಸ್ವಭಾವ

ತುಡುವೆಯ ಮುಖ್ಯ ಶತ್ರು ಮೇಣದ ಹುಳು. ತುಡುವೆ ಹಳೆಯ ಎರಿಯನ್ನು ಕಡಿದು ಕೆಳಗೆ ಉದುರಿಸುತ್ತದೆ. ಮರದ ಅಂಟು ತಂದು ಬಿರುಕು ಮುಚ್ಚುವ ಅಭ್ಯಾಸ ಅದಕ್ಕಿಲ್ಲ. ಹೀಗೆ ಉದುರಿದ ಮೇಣದ ಪುಡಿ ಅಡಿಮಣೆಯ ಮೂಲೆ, ಸಂದುಗಳಲ್ಲಿ ಸೇರಿ, ತೇವ ಹೀರಿ, ಮೇಣದ ಚಿಟ್ಟೆಯ ಮರಿಗಳಿಗೆ ತೊಟ್ಟಿಲಾಗುತ್ತದೆ. ಜಾಲರಿಯ ಕೆಳಗೆ ತಟ್ಟೆ ಇಟ್ಟರೆ ಕಸ ನೊಣಗಳಿಗೆ ಎಟುಕದೆ ಉಳಿಯುವುದರಿಂದ ತೊಂದರೆ ಇನ್ನೂ ಹೆಚ್ಚು. ತಟ್ಟೆ ಇಡದೆ ತೆರೆದೇ ಬಿಟ್ಟರೆ ಮಳೆಗಾಳಿ ನೇರ ಒಳನುಗ್ಗುತ್ತದೆ. ಮರಿಗಳಿಗೆ ಬೇಕಾದ 33ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖ ಉಳಿಸಿಕೊಳ್ಳಲು ನೊಣಗಳು, ಹೊರಗೆ ಮೇವಿಲ್ಲದ ಆ ದಿನಗಳಲ್ಲಿಯೇ, ಕೂಡಿಟ್ಟ ತುಪ್ಪವನ್ನು ಖರ್ಚು ಮಾಡಬೇಕಾಗುತ್ತದೆ.

ಇನ್ನೊಂದು ವಿಶೇಷವಿದೆ. ಯುರೋಪಿನ ನೊಣ ದ್ವಾರದ ಕಡೆಗೆ ತಲೆಮಾಡಿ ರೆಕ್ಕೆ ಬೀಸಿ ಒಳಗಿನ ಗಾಳಿಯನ್ನು ಹೊರಗೆಳೆಯುತ್ತದೆ. ತುಡುವೆ ತಲೆಯನ್ನು ಹೊರಗೆ ಮಾಡಿ ಹೊರಗಿನ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ದ್ವಾರದೆದುರು ಕಳೆ ಬೆಳೆದು, ನೆಲ ಜೌಗಾಗಿದ್ದರೆ ಅದೇ ತೇವದ ಗಾಳಿ ಗೂಡಿಗೆ ಹೋಗುತ್ತದೆ.

ಆಯ್ಕೆಯಲ್ಲಿ ಗಮನಿಸಬೇಕಾದ್ದು

1. ಅಡಿಮಣೆ ಸಂಸಾರ ಕೋಣೆಗೆ ಮೊಳೆ ಹೊಡೆದದ್ದಾಗಿರಬಾರದು. ಕೋಣೆಯನ್ನು ಎತ್ತಿ ಪಕ್ಕಕ್ಕಿಟ್ಟು ಮಣೆಯನ್ನು ಬೇರೆಯಾಗಿ ತೆಗೆಯುವಂತಿರಬೇಕು.

2. ಸಾಧ್ಯವಾದರೆ ಒಂದೇ ಹಲಗೆಯದಾಗಿರಲಿ. ಚೆನ್ನಾಗಿ ಒಣಗಿದ ತೇಗ ಅಥವಾ ಹಲಸು ಉತ್ತಮ. ಹಸಿ ಸಿಲ್ವರ್ ಓಕ್ ಡೊಂಕಾಗುತ್ತದೆ. ಸಾಧಾರಣ ಪ್ಲೈವುಡ್ ಮಳೆಗೆ ಪದರ ಬಿಡುತ್ತದೆ. ಬಣ್ಣ ಹೊರಮೈಗೆ ಮಾತ್ರ ಸಾಕು.

3. ಮಣೆ ಮುಂದಕ್ಕೆ ತುಸು ಇಳಿಜಾರಾಗಿರಲಿ. ಸ್ಟ್ಯಾಂಡಿನ ಹಿಂಗಾಲಿನಡಿ ಅರ್ಧ ಅಂಗುಲದ ಚಪ್ಪಟೆ ಕಲ್ಲಿಟ್ಟರೂ ಸಾಕು, ಒಳಬಿದ್ದ ನೀರು ದ್ವಾರದಿಂದ ಹೊರಹೋಗುತ್ತದೆ.

4. ದ್ವಾರದ ಎತ್ತರ ಸುಮಾರು 8 ಮಿ.ಮೀ. ಇದ್ದರೆ ದೊಡ್ಡ ಕಣಜ ಒಳನುಗ್ಗುವುದು ಕಷ್ಟ. ಬೇಸಿಗೆಯಲ್ಲಿ ಅಗಲ ಹೆಚ್ಚಿಸಿ, ಮಳೆಗಾಲದಲ್ಲಿ ಪಟ್ಟಿ ಇಟ್ಟು ಕಿರಿದು ಮಾಡಿ.

5. ಬಯಲಿನ ಬಿಸಿ ಜಾಗದಲ್ಲಿ ಜಾಲರಿ ಬೇಕೆನ್ನುವವರು ಅಂಗುಲಕ್ಕೆ 8 ಕಣ್ಣಿನದನ್ನು ಆರಿಸಿ, ಮಳೆಗೆ ಮುನ್ನ ಅದರಡಿ ಹಲಗೆ ಸರಿಸಲು ಗಾಡಿ ಮಾಡಿಸಿಕೊಳ್ಳಲಿ. ತೋಟದ ನೆರಳಿನಲ್ಲಿ ಅದರ ಅಗತ್ಯ ಬೀಳುವುದಿಲ್ಲ.

ಮಣೆ ಹೇಳುವ ಸುದ್ದಿ

ಮಳೆಗಾಲದಲ್ಲಿ ಹೊಳವಾದಾಗ ಹದಿನೈದು ದಿನಕ್ಕೊಮ್ಮೆಯಾದರೂ ಮಣೆ ಕೆರೆದು ಒರಸಿ. ಕೆರೆದ ಕಸವನ್ನು ಪೆಟ್ಟಿಗೆಯ ಬಳಿ ಚೆಲ್ಲದೆ ಸುಟ್ಟುಬಿಡಿ. ಪೆಟ್ಟಿಗೆಗೊಂದರಂತೆ ಆಗದಿದ್ದರೂ ಕೆಲವು ಹೆಚ್ಚುವರಿ ಮಣೆಗಳಿದ್ದರೆ ಒಣಗಿದ್ದನ್ನು ಇಟ್ಟು ತೇವದ್ದನ್ನು ಬಿಸಿಲಿಗೆ ಹಾಕಬಹುದು.

ಕೆರೆಯುವ ಮೊದಲು ಕಸವನ್ನು ನೋಡಿ. ಬಲೆ ಮತ್ತು ಕಪ್ಪು ಹಿಕ್ಕೆ ಕಂಡರೆ ಮೇಣದ ಹುಳು ಎರಿ ಹತ್ತಿದೆ. ನೊಣ ಮುಸುಕದ ಹಳೆಯ ಎರಿಗಳನ್ನು ತೆಗೆದುಬಿಡಿ. ನೀರು ತುಂಬಿದ ಚೀಲದಂತಿರುವ ಸತ್ತ ಮರಿಗಳು ಕಂಡರೆ ಅದು ಥಾಯ್ ಸ್ಯಾಕ್‌ಬ್ರೂಡ್ ರೋಗದ ಲಕ್ಷಣ. 1991-92ರಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳ ಬಹುಪಾಲನ್ನು ನುಂಗಿದ ರೋಗವಿದು. ಅಂಥ ಗೂಡಿನ ಮಣೆ, ಎರಿಗಳನ್ನು ಬೇರೆ ಗೂಡಿಗೆ ಬದಲಾಯಿಸಲೇಬಾರದು.

ಹೊಸ ಮಣೆಗೆ ಬಡಗಿಗೆ ಹೇಳುವವರು ಮೇ ತಿಂಗಳೊಳಗೆ ಹೇಳಿ ಮುಗಿಸುವುದು ಒಳ್ಳೆಯದು. ಮಳೆ ಹಿಡಿದ ಮೇಲೆ ಒಣಗಿದ ಹಲಗೆಯೂ ಸಿಗದು, ಗೂಡು ಬಿಚ್ಚುವ ಬಿಸಿಲೂ ಸಿಗದು.