ಹೊಳೆಯುವ ಬೇಳೆ, ಕಳೆಯುವ ಸತ್ವ

ಚಿತ್ತಾಪುರ, ಸೇಡಂ, ಚಿಂಚೋಳಿ ಸೀಮೆಯ ತೊಗರಿಗೆ ನಾಡಿನಲ್ಲೆಲ್ಲ ಹೆಸರಿದೆ. 2019ರಲ್ಲಿ ‘ಗುಲಬರ್ಗಾ ತೊಗರಿ ಬೇಳೆ’ಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆಯಿತು. ಆದರೆ ಆ ಬೇಳೆ ಗಿರಣಿಯಲ್ಲಿ ಏನನ್ನು ಕಳೆದುಕೊಂಡು ಹೊರಬರುತ್ತದೆ ಎಂಬುದರ ಕಡೆಗೆ ನಮ್ಮ ಗಮನ ಹರಿದಿಲ್ಲ.

ತೊಗರಿಯ ಸಿಪ್ಪೆ ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು ಗಿರಣಿಗಳಲ್ಲಿ ಎಣ್ಣೆ ಸವರಿ, ನೀರು ಚಿಮುಕಿಸಿ, ಒಣಗಿಸಿ, ಮತ್ತೆ ಮತ್ತೆ ಉಜ್ಜಲಾಗುತ್ತದೆ. ಕಾಳಿನ ತೂಕದಲ್ಲಿ ಸಿಪ್ಪೆಯ ಪಾಲು ಸುಮಾರು ಶೇ 15. ಅಂದರೆ ನೂರು ಕಿಲೊ ತೊಗರಿಗೆ 85 ಕಿಲೊದಷ್ಟು ಬೇಳೆ ಬರಬೇಕು. ಹಳೆಯ ಪದ್ಧತಿಯಲ್ಲಿ ಬರುವುದು 70ರಿಂದ 75 ಕಿಲೊ. ಉಳಿದದ್ದು ನುಚ್ಚಾಗಿ, ಪುಡಿಯಾಗಿ, ಬಹುಪಾಲು ಹೊಟ್ಟಿನೊಡನೆ ಪಶು ಆಹಾರದ ಚೀಲ ಸೇರುತ್ತದೆ.

ಹೀಗೆ ಹೋಗುವುದು ಕಸವಲ್ಲ. ಬೇಳೆಯಲ್ಲಿ ಶೇ 24ರ ಆಸುಪಾಸು ಪ್ರೋಟೀನ್ ಇದ್ದರೆ, ಕಾಳಿನ ಪುಟ್ಟ ಅಂಕುರದಲ್ಲಿ ಅದರ ಇಮ್ಮಡಿ ಇದೆ. ಬೇಳೆಯಲ್ಲಿಯೂ ಒಳಭಾಗಕ್ಕಿಂತ ಹೊರಪದರದಲ್ಲೇ ಪ್ರೋಟೀನ್ ಅಧಿಕ. ನುಣುಪಿಗಾಗಿ ಉಜ್ಜಿದಾಗ ಮೊದಲು ಉದುರುವುದು ಇವೇ. ಅಂಗಡಿಯಲ್ಲಿ ಹೊಳೆಯುವ ಬೇಳೆಯನ್ನೇ ಆರಿಸುವ ನಮ್ಮ ಚಪಲಕ್ಕೂ ಈ ನಷ್ಟದಲ್ಲಿ ಪಾಲಿದೆ.

ಬೀಸುವ ಕಲ್ಲಿನ ಕಾಲದಲ್ಲಿ ಮೊರದಲ್ಲಿ ಕೇರಿ, ಹೊಟ್ಟನ್ನು ದನಕ್ಕೆ ಹಾಕಿ, ನುಚ್ಚನ್ನು ಅಡುಗೆಗೆ ಉಳಿಸಿಕೊಳ್ಳುತ್ತಿದ್ದರು. ಪುಂಡಿಪಲ್ಯಕ್ಕೆ ಇಡೀ ಬೇಳೆಯೇ ಬೇಕೆಂದೇನೂ ಇಲ್ಲವಲ್ಲ! ಜೋಳದಲ್ಲಿ ಕೊರತೆಯಿರುವ ಲೈಸಿನ್ ತೊಗರಿಯಲ್ಲಿ ಹೇರಳವಾಗಿದೆ. ಹಿಟ್ಟಿಗೆ ಒಂದಿಷ್ಟು ಬೇಳೆಪುಡಿ ಬೆರೆತರೆ ರೊಟ್ಟಿಯ ಸತ್ವ ಹೆಚ್ಚುತ್ತದೆ. ಮಕ್ಕಳ ಅಪೌಷ್ಟಿಕತೆ ಇನ್ನೂ ಬಾಧಿಸುತ್ತಿರುವ ಕಲ್ಯಾಣ ಕರ್ನಾಟಕದಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಇಂದು ಗಿರಣಿಯಿಂದ ಬೀಳುವ ಪುಡಿಯನ್ನು ಹಾಗೆಯೇ ಅಂಗನವಾಡಿಗೆ ಒಯ್ಯಬೇಕೆಂದು ಹೇಳುವುದು ಅಪಾಯಕಾರಿ. ಅದರಲ್ಲಿ ಹೊಟ್ಟು, ಮಣ್ಣು, ಉಜ್ಜುವ ಕಲ್ಲಿನ ಕಣ ಎಲ್ಲವೂ ಬೆರೆತಿರಬಹುದು. ತೇವ ತಗುಲಿದರೆ ಬೂಸ್ಟು ಹಿಡಿಯುತ್ತದೆ. ಕಾಳನ್ನು ಮೊದಲೇ ಶುಚಿಗೊಳಿಸಿ, ನುಚ್ಚು, ಪುಡಿ, ಹೊಟ್ಟುಗಳನ್ನು ಬೇರೆ ಬೇರೆಯಾಗಿ ಹಿಡಿದು, ಪರೀಕ್ಷಿಸಿದ ಬಳಿಕವಷ್ಟೇ ಅದು ಮನುಷ್ಯರ ಆಹಾರ. ಮೈಸೂರಿನ ಸಿಎಫ್‌ಟಿಆರ್‌ಐ ಎಣ್ಣೆ ಬಳಸದೆ, ಬಿಸಿಗಾಳಿಯಿಂದ ಕಾಳನ್ನು ಹದಗೊಳಿಸಿ ಸಿಪ್ಪೆ ಬಿಡಿಸುವ ವಿಧಾನವನ್ನು ದಶಕಗಳ ಹಿಂದೆಯೇ ರೂಪಿಸಿದೆ. ಅದರಲ್ಲಿ ಬೇಳೆಯ ನಷ್ಟವೇ ಕಡಿಮೆ. ಸಣ್ಣ ಗಿರಣಿಗಳು ಇಂಥ ಯಂತ್ರ ಕೊಳ್ಳಲು ಸಾಲ, ಸಹಾಯಧನ ಕೊಡಿಸುವ ಹೊಣೆಯನ್ನು ತೊಗರಿ ಅಭಿವೃದ್ಧಿ ಮಂಡಳಿ ಹೊರಬೇಕು.

ಹೊಟ್ಟಿನ ಮಾತು ಬೇರೆ. ನಾರು, ಸುಣ್ಣದಂಶ ಅದರಲ್ಲಿದ್ದರೂ ಟ್ಯಾನಿನ್ ಕೂಡ ಇದೆ. ಅದು ದನಗಳ ಪಾಲಿಗೇ ಇರಲಿ. ಪುಡಿ ಅಡುಗೆಮನೆಗೆ ತಿರುಗಿದರೆ ಹಿಂಡಿಯ ಬೆಲೆ ಏರೀತು ಎಂಬ ಹೈನುಗಾರರ ಆತಂಕ ನಿಜವಾದದ್ದೇ. ಆ ಲೆಕ್ಕವನ್ನೂ ಮಂಡಳಿ ಈಗಲೇ ಹಾಕಬೇಕಾಗುತ್ತದೆ.